ಹಿಂದಿನ ಸೀಟಿನ ಉಸಿರು

ಇದ್ವಲ್ ಪ್ರಾಸರ್ ಕಲಿಸಿದರೆ ಕುರಿಯೂ ಕಾರು ಓಡಿಸೀತು ಎಂದು ಉತ್ತರ ವೇಲ್ಸಿನ ಆ ಕಲ್ಲುಗಣಿಯ ಊರಿನವರು ಹೇಳುತ್ತಿದ್ದರು. ಎರಡು ವರ್ಷದಿಂದ ಆ ಮಾತಿಗೊಂದು ಬಾಲ ಬೆಳೆದಿತ್ತು: ಓಡಿಸೀತು, ಪರೀಕ್ಷೆಯಲ್ಲಿ ಮಾತ್ರ ಡುಮ್ಕಿ ಹೊಡೆದೀತು.

ನಿಜವೇ. ಪಾಠದಲ್ಲಿ ಬೆಣ್ಣೆಯಿಂದ ಕೂದಲೆಳೆದಂತೆ ಓಡಿಸುವವರು ಇದ್ವಲ್ ಇಳಿದು ಪರೀಕ್ಷಕ ಪಕ್ಕದಲ್ಲಿ ಕೂತೊಡನೆ ತಿರುವಿಗೆ ಜೋರಾಗಿ ನುಗ್ಗುತ್ತಿದ್ದರು, ರಸ್ತೆ ದಾಟುವವರನ್ನು ಕಾಣದೆ ಹೋಗುತ್ತಿದ್ದರು. ಅವನ ಶಿಷ್ಯೆ ಲೌರಿ ಮೂರು ಸಲ ಹಾಗೇ ಫೇಲಾದಳು. ಬೆಟ್ಟದ ಮೇಲಿನ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಸಿಕ್ಕಿತ್ತು, ಅಲ್ಲಿಗೆ ಬಸ್ಸಿಲ್ಲ. ಮುಂದಿನ ತಿಂಗಳ ಪರೀಕ್ಷೆಯೇ ಕೊನೆ. ಅದೂ ಹೋದರೆ ಕೆಲಸ ಇನ್ನೊಬ್ಬರ ಪಾಲು.

"ಎಲ್ಲಿ ಎಡವ್ತೀಯ ಮಗಳೇ? ನನ್ ಜೊತೆ ಒಂದು ತಪ್ಪೂ ಮಾಡಲ್ವಲ್ಲ," ಎಂದು ಇದ್ವಲ್ ಕೇಳಿದ.

"ಅಲ್ಲಿ ನಿಮ್ ಉಸಿರು ಇರಲ್ವಲ್ಲ ಮೇಷ್ಟ್ರೇ, ಅದಕ್ಕೆ."

"ನನ್ನ ಉಸಿರಾ?"

"ತಿರುವು ಬರೋಕ್ ಮುಂಚೆ, ಯಾರಾದ್ರೂ ಅಡ್ಡ ಬರೋಕ್ ಮುಂಚೆ, ಹಲ್ಲಿನ ಸಂದೀಲಿ ಸ್ಸ್ ಅಂತ ಎಳ್ಕೋತೀರಲ್ಲ. ನಾವೆಲ್ಲ ಅದನ್ನ ಕೇಳೇ ಬ್ರೇಕ್ ಒತ್ತೋದು. ನಿಮಗೇ ಗೊತ್ತಿಲ್ವಾ?"

ಹಾಗೆ ಉಸಿರೆಳೆಯುತ್ತಿದ್ದವಳು ಇದ್ವಲ್‌ನ ಹೆಂಡತಿ ಬೆಥಾನ್. ಮೂವತ್ತೈದು ವರ್ಷ ಪಕ್ಕದಲ್ಲಿ ಕೂತು, ಅವನು ಎಷ್ಟೇ ರೇಗಿದರೂ ಬಿಡದೆ, ಪ್ರತಿ ತಿರುವಿಗೂ ಸ್ಸ್ ಎಂದವಳು. ಕೇಳಿ ಕೇಳಿ ಅವನ ಕಿವಿ ಆ ಸದ್ದನ್ನು ಗಮನಿಸುವುದನ್ನೇ ಬಿಟ್ಟಿತ್ತು. ಅವಳು ಸತ್ತು ಎರಡು ವರ್ಷವಾಗಿತ್ತು. ಅವಳ ಚಾಳಿ ತನಗೆ ಅಂಟಿರಬೇಕು ಎಂದುಕೊಂಡು ಮುಂದಿನ ಪಾಠಕ್ಕೆ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತ. ಲೌರಿ ನಕ್ಕಳು.

ಪ್ರಾರ್ಥನಾಮಂದಿರದ ಪಕ್ಕದ ಚಾಪೆಲ್ ತಿರುವು ಬಂತು. ಸ್ಸ್. ಲೌರಿ ಬ್ರೇಕ್ ಒತ್ತಿದಳು. ತಿರುವಿನಾಚೆ ರಸ್ತೆಯ ನಡುವೆ ಕುರಿಯೊಂದು ನಿಂತಿತ್ತು. ಸದ್ದು ಬಂದದ್ದು ಹಿಂದಿನ ಸೀಟಿನಿಂದ. ಲೌರಿಯ ನಗು ಎಲ್ಲಿ ಹೋಯಿತೋ. ಕನ್ನಡಿಯಲ್ಲಿ ಸೀಟು ಖಾಲಿಯಿತ್ತು, ಅದರ ಬೆಲ್ಟು ಮಾತ್ರ ಬಿಗಿದಿತ್ತು.

ಆಮೇಲೆ ಇದ್ವಲ್ ಒಬ್ಬನೇ ಸುಮ್ಮಸುಮ್ಮನೆ ಕಾರು ತೆಗೆಯತೊಡಗಿದ. ತಿರುವುಗಳಿರುವ ದಾರಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದ. ಹೆದರಿಕೆ ಇತ್ತು, ಸುಳ್ಳೇಕೆ. ಆದರೆ ಬಹಳ ದಿನಕ್ಕೆ ಅವನಿಗೆ ಜೊತೆ ಸಿಕ್ಕಿತ್ತು. ಅವನಿಲ್ಲದ ಕಾರಿನಲ್ಲಿ ಅವಳು ಕೂರುತ್ತಿರಲಿಲ್ಲ, ಪರೀಕ್ಷೆಯಲ್ಲಿ ಆ ಸದ್ದು ಇಲ್ಲದ್ದು ಅದಕ್ಕೇ. ಪಾಠಕ್ಕೆ ಬಂದ ಲೌರಿಯೋ, ಕಣ್ಣು ಮುಂದಿಟ್ಟು ಕಿವಿಯನ್ನೆಲ್ಲ ಹಿಂದಕ್ಕೆ ಕೊಟ್ಟು ಓಡಿಸುತ್ತಿದ್ದಳು. ಅದನ್ನು ನೋಡಿ ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಆ ಸಂಜೆ ಮನೆಯ ಮುಂದೆ ಎಂಜಿನ್ ಆರಿಸಿ, ಹಿಂತಿರುಗದೆ ಹೇಳಿದ: "ನೋಡೇ ಬೆಥಾನ್, ನಿನ್ನ ಕೇಳ್ಕೊಂಡು ಕೂತ್ರೆ ಈ ಮಕ್ಕಳು ರಸ್ತೆ ನೋಡೋದೇ ಇಲ್ಲ. ನನಗೆ ಬೇಕು ಕಣೇ ನೀನು. ಆದ್ರೆ ಆ ಹುಡುಗಿಗೆ ಕೆಲಸ ಬೇಕು. ಇಳ್ಕೋ."

ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಬೆಲ್ಟು ಕಳಚಿದ ಸದ್ದಾಯಿತು.

ಮರುದಿನ ಲೌರಿ ಚಾಪೆಲ್ ತಿರುವಿನಲ್ಲಿ ಗೋಡೆಗೆ ಇನ್ನೇನು ತಾಕಿಸುವುದರಲ್ಲಿದ್ದಳು. ಕಾರು ನಿಲ್ಲಿಸಿ ಅತ್ತಳು. ಎರಡನೇ ವಾರ ತಾನೇ ನೋಡಿ ನಿಧಾನಿಸಿದಳು. ಪರೀಕ್ಷೆ ಮುಗಿಸಿ ಬಂದವಳು ಅವನನ್ನು ತಬ್ಬಿಕೊಂಡು, "ಈ ಸಲ ಕಿವಿಗೆ ಹತ್ತಿ ಇಟ್ಕೊಂಡಿದ್ರೂ ಪಾಸಾಗ್ತಿದ್ದೆ ಮೇಷ್ಟ್ರೇ," ಎಂದಳು.

ಅವಳನ್ನು ಮನೆಗೆ ಬಿಟ್ಟು ಇದ್ವಲ್ ಒಬ್ಬನೇ ಹೊರಟ. ಚಾಪೆಲ್ ತಿರುವಿಗೆ ಬೇಕೆಂದೇ ಜೋರಾಗಿ ನುಗ್ಗಿದ, ಎರಡು ಸಲ. ಯಾರೂ ಉಸಿರೆಳೆಯಲಿಲ್ಲ. ಮೂರನೇ ಸಲ ತಾನೇ ನಿಧಾನಿಸಿ ತಿರುಗಿಸಿಕೊಂಡು ಮನೆಗೆ ಹೋದ.