ಕವರಣ್ಣನ ದೋಣಿ

ನನ್ನ ಷಡ್ಡಕನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಕವರಣ್ಣ. ಯಾವ ಹೊಸ ವಸ್ತು ಮನೆಗೆ ಬಂದರೂ ಅದರ ಪ್ಲಾಸ್ಟಿಕ್ ಕವರ್ ಬಿಚ್ಚಲು ಅವನಿಗೆ ಮನಸ್ಸೇ ಬರುವುದಿಲ್ಲ. ಬೇಸಿಗೆಯಲ್ಲಿ ಅವರ ಮನೆಯ ಸೋಫಾದ ಮೇಲೆ ಕೂತು ಎದ್ದರೆ ಅರ್ಧ ಚರ್ಮ ಅಲ್ಲೇ ಉಳಿಯುತ್ತದೆ. ಕನ್ನಡಕದ ಅಂಗಡಿ ಇಟ್ಟವನು. ದಿನವಿಡೀ ಗಾಜು ಒರೆಸಿ ಒರೆಸಿ, ಗೀರು ಬೀಳದೆ ಉಳಿಯುವುದೇ ಬದುಕಿನ ದೊಡ್ಡ ಸಾಧನೆ ಅಂದುಕೊಂಡಿದ್ದ. ಅವನನ್ನು ಕಂಡರೆ ನನಗೆ ಪ್ರೀತಿಯೂ ಉಂಟು, ಮೈ ಪರಚಿಕೊಳ್ಳುವಂತೆಯೂ ಆಗುತ್ತದೆ.

ಅಂಥವನು ಒಂದು ದೋಣಿ ಕೊಂಡ. ಹಿಂದೆ ಸಣ್ಣ ಮೋಟಾರು, ನಾಲ್ಕು ಜನ ಕೂರಬಹುದು, ರಜೆಯ ದಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಸುತ್ತಾಡುವುದಕ್ಕೆ. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಈಜು ಬಾರದವಳು. ವಿಮೆ ಮಾಡಿಸದೆ ಅದರಲ್ಲಿ ಕಾಲಿಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ವಿಮೆ ಇದ್ದರೆ ದೋಣಿ ಮುಳುಗುವುದಿಲ್ಲವೇನು ಎಂದು ನಾನು ಕೆಣಕಿದೆ. ವಿಮೆಯವರು ಬಂದು ನೋಡುತ್ತಾರಲ್ಲ, ನಾನು ಹೇಳಿದರೆ ಕೇಳದ್ದನ್ನು ಅವರು ಹೇಳಿದರಾದರೂ ಇವರು ಕೇಳಲಿ ಎಂದಳು. ನನ್ನ ನಾದಿನಿ ಬುದ್ಧಿವಂತೆ.

ದೋಣಿ ಪರೀಕ್ಷಿಸಲು ವಿಮೆ ಕಂಪನಿಯಿಂದ ನಡುವಯಸ್ಸಿನ ಹೆಂಗಸೊಬ್ಬರು ಬಂದರು. ಮೋಟಾರು, ಪೆಟ್ರೋಲಿನ ಪೈಪು, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನೋಡಿ, ಲೈಫ್ ಜಾಕೆಟ್ ಎಲ್ಲಿ ಎಂದರು. ಕವರಣ್ಣ ಹೆಮ್ಮೆಯಿಂದ ಕೂರುವ ಹಲಗೆಯ ಕೆಳಗಿನ ಪೆಟ್ಟಿಗೆ ತೋರಿಸಿದ. ಪೆಟ್ಟಿಗೆಗೆ ಬೀಗ, ಬೀಗದ ಕೈ ಮನೆಯಲ್ಲಿ. ನಾನೇ ಸ್ಕೂಟರಿನಲ್ಲಿ ಹೋಗಿ ತಂದೆ. ತೆರೆದು ನೋಡಿದರೆ ನಾಲ್ಕೂ ಜಾಕೆಟ್ಟುಗಳು ಟೇಪು ಹಚ್ಚಿದ ಕವರಿನೊಳಗೇ ಬೆಚ್ಚಗೆ ಮಲಗಿದ್ದವು. ನಾನು ನಗು ತಡೆಯಲಾರದೆ ಆಚೆ ತಿರುಗಿದೆ.

ಆಕೆ ನಗಲಿಲ್ಲ. "ಮುಳುಗೋವಾಗ ಕತ್ತರಿ ಎಲ್ಲಿಂದ ತರ್ತೀರಾ ಸಾರ್?" ಎಂದು ಕೇಳಿ, ಆ ಕವರುಗಳನ್ನು ಅವನ ಕೈಯಿಂದಲೇ ಹರಿದು ಹಾಕಿಸಿದರು. ನಾದಿನಿಗೆ ಒಂದು ಜಾಕೆಟ್ ತೊಡಿಸಿ ಭುಜದ ಹತ್ತಿರ ಹಿಡಿದೆತ್ತಿದರೆ ಅದು ಕಿವಿಯವರೆಗೂ ಬಂತು. ನೀರಿಗೆ ಬಿದ್ದರೆ ಜಾಕೆಟ್ ಮಾತ್ರ ತೇಲುತ್ತದೆ, ಇವರು ಜಾರಿಹೋಗುತ್ತಾರೆ ಎಂದರು. ಅಳತೆಗೆ ಸರಿಯಾದದ್ದು ತರಬೇಕು, ದಡ ಬಿಡುವ ಮೊದಲೇ ತೊಟ್ಟಿರಬೇಕು, ಒಂದೊಂದಕ್ಕೂ ಸೀಟಿ ಕಟ್ಟಿರಬೇಕು. ಅಲ್ಲಿಯವರೆಗೆ ವಿಮೆ ಇಲ್ಲ. ಸೀಟಿ ಊದಲು ನಾವೇನು ಡ್ರಿಲ್ ಮೇಷ್ಟ್ರೇ ಎಂದು ಕವರಣ್ಣ ಮುಖ ಊದಿಸಿಕೊಂಡು ತಿರುಗಿದ. ಆದರೂ ಎಲ್ಲ ತಂದ, ವಿಮೆಯೂ ಆಯಿತು.

ಮುಂದಿನದು ಅವನೇ ಹೇಳಿದ್ದು. ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೇ ಹೋಗಿ ವಾಪಸಾಗುತ್ತಿದ್ದಾಗ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ದೋಣಿಯ ಮೂತಿಯನ್ನು ಅಲೆಗೆ ಎದುರಾಗಿಯೇ ಹಿಡಿಯಬೇಕಿತ್ತು. ನೀರು ಸಿಡಿದು ಹೊಸ ಮೆತ್ತೆ ನೆನೆಯುತ್ತದೆಂದು ಈ ಮಹಾನುಭಾವ ಅಡ್ಡಕ್ಕೆ ತಿರುಗಿಸಿದ. ಮುಂದಿನ ಅಲೆಗೇ ದೋಣಿ ಮಗುಚಿತು.

ಅವನು ಮೇಲೆ ಬಂದಾಗ ಕವುಚಿ ಬಿದ್ದ ದೋಣಿ ಎದುರಿಗಿತ್ತು, ಹೆಂಡತಿ ಇರಲಿಲ್ಲ. "ಇವಳೇ, ಇವಳೇ" ಎಂದು ಕೂಗಿದ. ಉತ್ತರವಿಲ್ಲ. ಮದುವೆಯಾದಾಗಿನಿಂದ ಅವಳನ್ನು ಹೆಸರು ಹಿಡಿದು ಕರೆಯದವನು ಆಗ ಹೆಸರು ಹಿಡಿದು ಕೂಗಿದನಂತೆ. ಅಷ್ಟರಲ್ಲಿ ದೋಣಿಯ ಆಚೆ ಬದಿಯಿಂದ ಸೀಟಿ ಕೇಳಿಸಿತು. ಬಿಡದೆ, ಸಿಟ್ಟಿನಿಂದ ಊದುವ ಸೀಟಿ. ದೋಣಿ ಹಿಡಿದುಕೊಂಡೇ ಸುತ್ತಿ ಹೋದರೆ, ನಾದಿನಿ ಜಾಕೆಟ್ಟಿನಲ್ಲಿ ತೇಲುತ್ತಾ ಕೆನ್ನೆ ಉಬ್ಬಿಸಿ ಊದುತ್ತಿದ್ದಳು. ಅವನನ್ನು ಕಂಡು ಸೀಟಿಯನ್ನು ಬಾಯಿಂದ ತೆಗೆದು, "ಎಲ್ಲಿ ಹೋಗಿದ್ರಿ ಇಷ್ಟೊತ್ತು?" ಎಂದಳು. ಅವನು ನೀರಿನಲ್ಲೇ ಅತ್ತುಬಿಟ್ಟ.

ಸೀಟಿ ಕೇಳಿ ಮೀನು ಹಿಡಿಯುವವರು ಬಂದು ಇಬ್ಬರನ್ನೂ ಎತ್ತಿಕೊಂಡರು. ದೋಣಿ ಗಾಳಿಗೆ ಸರಿದು ಬಂಡೆಗೆ ಬಡಿದು, ಒಡೆದು ಮುಳುಗಿತು. ಸುದ್ದಿ ಕೇಳಿ ನಾನೂ ನನ್ನ ಹೆಂಡತಿಯೂ ಬಿದ್ದೆವೋ ಎದ್ದೆವೋ ಎಂದು ಓಡಿದೆವು. ದಡದಲ್ಲಿ ಒಂದೇ ಕಂಬಳಿ ಹೊದ್ದು ಕೂತಿದ್ದ ಅವರಿಬ್ಬರನ್ನು ಕಂಡ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಮರೆತೇಹೋಯಿತು.

ಮರುದಿನ ಬೆಳಿಗ್ಗೆ ವಿಮೆ ಕಂಪನಿಗೆ ತಿಳಿಸಬೇಕಿತ್ತು. ಚಮಚಕ್ಕೆ ಗೀರು ಬಿದ್ದರೆ ಊಟ ಬಿಡುವವನು, ದೋಣಿಯನ್ನೇ ಕಳೆದುಕೊಂಡು ಹೇಗೆ ಮಾತಾಡುತ್ತಾನೋ ಎಂದು ನಾನು ಪಕ್ಕದಲ್ಲೇ ಕೂತೆ. ಫೋನಿನಲ್ಲಿದ್ದ ಹುಡುಗಿ ಹೆಸರು, ಪಾಲಿಸಿಯ ವಿವರ ಎಲ್ಲ ವಿಚಾರಿಸಿ, ಏನೇನು ನಷ್ಟವಾಯಿತು ಎಂದು ಕೇಳಿದಳು. ಕವರಣ್ಣ ಅಡುಗೆಮನೆಯ ಕಡೆ ನೋಡಿದ. ನಾದಿನಿ ಸೀನುತ್ತಾ ಒಲೆ ಹಚ್ಚುತ್ತಿದ್ದಳು.

"ಏನೂ ನಷ್ಟ ಆಗಿಲ್ಲಮ್ಮ," ಎಂದ.

ಹಾಗಾದರೆ ಫೋನ್ ಯಾಕೆ ಮಾಡಿದಿರಿ ಎಂದಳು ಹುಡುಗಿ. "ಇಬ್ಬರೂ ಮನೇಲಿದೀವಿ," ಎಂದ ಕವರಣ್ಣ. ಮುಳುಗಿದ ದೋಣಿಯ ವಿಷಯ ಹೇಳಲು ನಾನೇ ಫೋನು ಕಿತ್ತುಕೊಳ್ಳಬೇಕಾಯಿತು.