ಓವರ್‌ಸಿಯರ್ ಸಾಹೇಬರ ಕೋಳಿ

ಶಹಾಪುರದ ಮುಸಾಫಿರ್ ಬಂಗಲೆಯಲ್ಲಿ ಮೋನಮ್ಮ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಕೃಷ್ಣೆಯ ದಂಡೆಯಲ್ಲಿ ಮೀನು ಹಿಡಿಯುವವರ ಮನೆಯ ಮಗಳು. ಗಂಡ ಸೇಂದಿ ಕುಡಿದು ಕುಡಿದು ಸತ್ತ ಮೇಲೆ ಈ ಒಲೆಯ ಮುಂದೆ ಬಂದು ಕೂತವಳು. ತನ್ನ ಕೈರುಚಿಯ ಬಗ್ಗೆ ಅವಳಿಗೆ ತುಸು ಗರ್ವವೇ ಇತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಸುರಪುರದ ರಸ್ತೆ ಕೆಲಸ ನೋಡಲು ಗೋವಾದ ಓವರ್‌ಸಿಯರ್ ಒಬ್ಬರು ಬಂದು ಬಂಗಲೆಯಲ್ಲಿ ಇಳಿದರು. ಧಾರವಾಡದಲ್ಲಿ ಇದ್ದವರಾದ್ದರಿಂದ ಕನ್ನಡ ಬರುತ್ತಿತ್ತು. ಮೊದಲ ಭಾನುವಾರವೇ ಒಂದು ಬಿಯರ್ ಬಾಟಲಿ ತಂದು ಅವಳ ಮುಂದಿಟ್ಟರು.

"ಕೋಳಿ ಇದರಾಗ ಬೇಯಸು. ಬಳ್ಳೊಳ್ಳಿ, ದಾಲ್ಚಿನ್ನಿ, ಲವಂಗ, ಒಣಮೆಣಸಿನಕಾಯಿ ಹಾಕು. ಪೋರ್ಚುಗೀಸರ ಕಾಲದಿಂದ ನಮ್ಮ ಮನ್ಯಾಗ ಮಾಡೂ ಅಡಗಿ."

ಬಾಟಲಿಯ ಬಿರಡೆ ತೆಗೆದಾಗ ಬಂದ ವಾಸನೆಗೇ ಮೋನಮ್ಮನಿಗೆ ಗಂಡನ ನೆನಪಾಗಿ ಮೂಗಿಗೆ ಸೆರಗು ಕಟ್ಟಿಕೊಂಡಳು. ರುಚಿ ನೋಡದೆಯೇ ಬೇಯಿಸಿದಳು. ಊರ ಹುಂಜ, ಬೇಗ ಮೆತ್ತಗಾಗುವಂಥದ್ದಲ್ಲ. ಅದು ಬೇಯುವಷ್ಟರಲ್ಲಿ ಬಿಯರ್ ಬತ್ತಿ ಸಾರೆಲ್ಲ ಬೇವಿನಷ್ಟು ಕಹಿಯಾಯಿತು.

"ಇದಲ್ಲ," ಎಂದರು ಸಾಹೇಬರು.

ಮುಂದಿನ ವಾರ ಬೆಲ್ಲ ಹಾಕಿದಳು. ಇದಲ್ಲ. ಹುಣಸೆಹಣ್ಣು ಹಿಂಡಿದಳು. ಹುಳಿ ಬೇಕು, ಈ ಹುಳಿಯಲ್ಲ. ಬಂಗಲೆಯ ಚೌಕಿದಾರ ಸಿಕಂದರ ಯಾದಗಿರಿ ಸ್ಟೇಷನ್ನಿನಿಂದ ಹುಲ್ಲಿನಲ್ಲಿ ಸುತ್ತಿದ ಬಾಟಲಿಗಳನ್ನು ಹೊತ್ತು ತರುವುದು, ಅವಳು ಹುಂಜ ಕೊಯ್ಯುವುದು, ಸಾಹೇಬರು ತಟ್ಟೆ ಸರಿಸುವುದು. ನಾಲ್ಕು ತಿಂಗಳು ಹೀಗೇ ನಡೆಯಿತು. ಅವಳಿಗೆ ಭಾನುವಾರ ಬಂತೆಂದರೆ ತಲೆ ಸಿಡಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಮ್ಮವ್ವಾರು ಹೆಂಗ ಮಾಡ್ತಿದ್ರು, ಅದನ್ನರ ಹೇಳ್ರಿ ಸಾಹೇಬ್ರ."

"ನಾನೇನು ಅಡಗಿ ಮನ್ಯಾಗ ಕೂತು ನೋಡೇನಿ?"

"ನೋಡಿದವರು ಯಾರೂ ಇಲ್ಲೇನ್ರಿ?"

ಸಾಹೇಬರು ಗೋವಾದಲ್ಲಿ ಅಕ್ಕ ಇದ್ದಾಳೆ ಎಂದರು. ಕಾಗದ ಬರೆದರು. ಇಪ್ಪತ್ತು ದಿನಕ್ಕೆ ಉತ್ತರ ಬಂತು: ಬಿಯರ್ ಅರ್ಧ ಬಾಟಲಿ ಸಾಕು, ಮುಚ್ಚಿ ಸಣ್ಣ ಉರಿಯಲ್ಲಿ ಇಡಬೇಕು, ಹುಳಿಗೆ ತೆಂಗಿನ ಮರದ ಕಳ್ಳನ್ನು ವಾರಗಟ್ಟಲೆ ಹುಳಿ ಬರಿಸಿ ಹಾಕಬೇಕು.

"ತೆಂಗಿಂದು ಸಿಗಲಿಲ್ಲಂದ್ರ ಈಚಲ ಸೇಂದಿ ನಡೀತದ," ಎಂದ ಸಿಕಂದರ. ಮೋನಮ್ಮ ಅವನ ಮುಖ ನೋಡಲಿಲ್ಲ. ಹನ್ನೊಂದು ವರ್ಷ ಸೇಂದಿ ಅಂಗಡಿಯ ಬೀದಿಯನ್ನೇ ಬಿಟ್ಟು ಸುತ್ತಿ ಓಡಾಡಿದವಳು. ಮೂರನೆಯ ದಿನ ಒಂದು ಗಡಿಗೆ ತೊಳೆದು ಸಿಕಂದರನ ಕೈಗೆ ಕೊಟ್ಟಳು.

ಅವನು ತುಂಬಿ ತಂದ ಸೇಂದಿಯ ಗಡಿಗೆ ಮೂರು ವಾರ ಬಟ್ಟೆ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿತು. ಹದ ತಿಳಿಯಲು ಬೇರೆ ದಾರಿ ಇರಲಿಲ್ಲ; ಕಣ್ಣು ಮುಚ್ಚಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಬರೀ ಹುಳಿ. ಅಮಲಿನ ಸುಳಿವೂ ಇರಲಿಲ್ಲ.

ಆ ಭಾನುವಾರ ಸಾಹೇಬರು ಮೊದಲ ತುತ್ತಿಗೇ ತಲೆ ಎತ್ತಿದರು. "ಇದ! ಇದ ನೋಡು ಮೋನಮ್ಮ!"

ಅವಳಿಗೆ ಖುಷಿಯಾಗಲಿಲ್ಲ, ಮೈಯೆಲ್ಲ ಉರಿಯಿತು.

"ಈ ಕಾಗದ ಮೊದಲನೇ ವಾರಾನ ಬರದು ಹಾಕಿದ್ರ ಏನಾಗ್ತಿತ್ರಿ ಸಾಹೇಬ್ರ? ಹದಿನಾರು ಹುಂಜ ಸುಮ್ಮನ ಹ್ವಾದವು. ನನಗ ಅಡಗೀನ ಬರೂದಿಲ್ಲ ಅಂತ ನಾನ ತಿಳಕೊಂಡಿದ್ದೆ."

ಸಾಹೇಬರು ಇನ್ನೊಂದು ತುಂಡು ಬಡಿಸಿಕೊಂಡರು. ಮೋನಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋಗಿ, ಸಿಕಂದರ ಎರಡು ಸಲ ಕರೆದರೂ ಒಳಗೆ ಬರಲಿಲ್ಲ.