ಕಲ್ಲಿನಾಥರು ಹಿಡಿದ ಮರೆ

ಕಲ್ಲಿನಾಥರು ಗಿಡ್ಡ ಆಳು. ಅವರ ಕೋಟು ಮಾತ್ರ ಉದ್ದ. ಅಮೆರಿಕದ ಡೆಟ್ರಾಯಿಟ್ ಕಡೆಗೆ ಬಂದ ಮೊದಲ ಚಳಿಗಾಲದಲ್ಲಿ ಯಾರೋ ತೊಟ್ಟು ಬಿಟ್ಟದ್ದನ್ನು ತಂದಿದ್ದರು. ಕರೀ ಉಣ್ಣೆಯದು, ಮೊಣಕಾಲು ದಾಟಿ ಬೀಳುತ್ತಿತ್ತು. ಕೆಲಸದಿಂದ ಬಂದರೆ ಕೋಟೇ ನಡೆದು ಬಂದ ಹಾಗೆ. "ಒಳಗ ಯಾರದೀರಿ?" ಅಂತ ಹೆಂಡತಿ ಶಾಂತವ್ವ ಬಾಗಿಲಲ್ಲೇ ಕೇಳುತ್ತಿದ್ದಳು. ಅವರು ನಗುತ್ತಿದ್ದರು. ಹತ್ತು ವರ್ಷ ಅದೇ ಮಾತು, ಅದೇ ನಗು.

ಊರು ಗದಗಿನ ಕಡೆ. ಇಲ್ಲಿ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್ ಇದ್ದರು. ಅದಕ್ಕೂ ಮೊದಲು, ಹುಡುಗರಾಗಿದ್ದಾಗ, ನರಗುಂದದ ಹತ್ತಿರ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರಿಕೆ ಮಾಡಿದ್ದರು. ಆಗ ಇಲೆಕ್ಷನ್ ಡ್ಯೂಟಿ ಬಿತ್ತು. ಓಟು ಹಾಕುವಲ್ಲಿ ಮರೆಗೆ ಕಟ್ಟಿದ್ದ ಗೋಣಿತಟ್ಟು ಗಾಳಿಗೆ ಹಾರಿಹೋಯಿತು. ಊರ ಗೌಡ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ. "ನಡೀಲಿ ಮಾಸ್ತರ, ಎಲ್ಲಾರೂ ನಮ್ಮವರ ಅದಾರ" ಅಂದ. ಮಾಸ್ತರು ಓಟನ್ನೇ ನಿಲ್ಲಿಸಿಬಿಟ್ಟರು. ಒಂದು ಮನೆಯಿಂದ ಕೌದಿ ತರಿಸಿ, ಕಟ್ಟಿಸಿ, ಆಮೇಲೆಯೇ ಶುರು ಮಾಡಿದರು. ಆ ಸಲ ಗೌಡನ ಮಂದಿ ಸೋತರು. ಮುಂದಿನ ತಿಂಗಳು ಮಾಸ್ತರಿಗೆ ಬೇರೆ ಊರಿಗೆ ವರ್ಗ ಆಯಿತು. ಈ ಕತೆಯನ್ನು ಮನೆಗೆ ಊಟಕ್ಕೆ ಬಂದವರೆಲ್ಲ ಕೇಳಲೇಬೇಕು.

ಕೇಳಿದವರಲ್ಲಿ ಮಹೀನ್ ಒಬ್ಬಳು. ಇರಾನಿನ ಹುಡುಗಿ. ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಖಡಕ್ ರೊಟ್ಟಿ ಮುರಿಯುವ ಸಪ್ಪಳ ಕೇಳಿದರೆ ಇಳಿದು ಬರುತ್ತಿದ್ದಳು. ಎಪ್ಪತ್ತೊಂಬತ್ತರಲ್ಲಿ ಅವಳ ದೇಶದ ರಾಜ ಓಡಿಹೋದ. ಅವಳ ಅಪ್ಪ ರಾಜನ ಸೈನ್ಯದಲ್ಲಿ ಡಾಕ್ಟರು. ಅವರನ್ನು ಊರಿನ ಹೊಸ ಕಮಿಟಿಯವರು ಹಿಡಿದು ಒಳಗೆ ಹಾಕಿದರು. ಅವತ್ತಿನಿಂದ ಹುಡುಗಿ ರೊಟ್ಟಿಗೂ ಇಳಿಯಲಿಲ್ಲ.

ಮಾರ್ಚ್ ಕೊನೆಗೆ ಓಟು ಬಂತು. ಪರದೇಶದಲ್ಲಿದ್ದವರೂ ಹಾಕಬೇಕು. ಶಿಕಾಗೋದಲ್ಲಿ ಪೆಟ್ಟಿಗೆ ಇಡುತ್ತಾರೆ. ಇಲ್ಲಿ ಓದುತ್ತಿದ್ದ ಇರಾನಿ ಹುಡುಗರ ಲೀಡರ್ ಬೆಹ್ರೂಜ್ ಫೋನ್ ಮಾಡಿದ. "ಬರ್ತೀಯಲ್ಲ, ಮಹೀನ್? ಎಲ್ಲರೂ ನಿನ್ನ ದಾರಿ ನೋಡ್ತಾರೆ." ಅವಳ ಅಪ್ಪನನ್ನು ಹಿಡಿದ ಕಮಿಟಿಯಲ್ಲಿ ಬೆಹ್ರೂಜನ ಮಾವ ಇದ್ದ. ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟುತ್ತಿತ್ತು.

ಹುಡುಗಿ ಮೆಟ್ಟಿಲ ಮೇಲೆ ಕೂತು ಅದನ್ನು ಹೇಳಿದಳು.

"ಓಟು ಗುಟ್ಟಿನದು ಮಗಳ," ಅಂದರು ಕಲ್ಲಿನಾಥರು. "ಯಾರಿಗೂ ತಿಳಿಯಂಗಿಲ್ಲ. ಹೆದರಬ್ಯಾಡ, ನಾ ಕರಕೊಂಡು ಹೋಗ್ತೀನಿ."

ಶನಿವಾರ ನಸುಕಿನಲ್ಲಿ ಮೂವರೂ ಹೊರಟರು. ದಾರಿಯಲ್ಲಿ ಕಲ್ಲಿನಾಥರು ಕೇಳಿದರು, "ಎಷ್ಟು ಮಂದಿ ನಿಂತಾರ?"

"ಯಾರೂ ನಿಂತಿಲ್ಲ ಅಂಕಲ್. ಒಂದೇ ಪ್ರಶ್ನೆ. ಇಸ್ಲಾಮಿಕ್ ಗಣರಾಜ್ಯ, ಹೌದೋ ಅಲ್ಲವೋ. ಅದು ಹೇಗಿರುತ್ತೆ ಅಂತ ಕೇಳಿದರೆ ಆಮೇಲೆ ಅಂತಾರೆ. ಆಮೇಲೆ ಸಂವಿಧಾನ ಬರೆಯೋರನ್ನ ಆರಿಸ್ತಾರಂತೆ, ಆಮೇಲೆ ಅಧ್ಯಕ್ಷ, ಪಾರ್ಲಿಮೆಂಟು. ಕೊನೆಗೆ ಊರೂರಿಗೆ ಪಂಚಾಯಿತಿ ತರದ್ದು."

"ನಮ್ಮಲ್ಲೂ ಪಂಚಾಯಿತಿ ಕಡೀಕ," ಅಂದಳು ಶಾಂತವ್ವ. "ಚೀಟಿ ಹ್ಯಾಂಗಿರತೈತಿ?"

"ಎರಡು ತುಂಡು. ಹಸಿರು ಅಂದರೆ ಹೌದು, ಕೆಂಪು ಅಂದರೆ ಇಲ್ಲ. ಒಂದನ್ನ ಹರಿದು ಪೆಟ್ಟಿಗೆಗೆ ಹಾಕೋದು. ಇನ್ನೊಂದು ಕೈಯಲ್ಲೇ ಉಳಿಯುತ್ತೆ, ಅದನ್ನ ನೋಡಿದರೆ ಹಾಕಿದ್ದು ಯಾವುದು ಅಂತ ಗೊತ್ತಾಗುತ್ತೆ."

ಕಲ್ಲಿನಾಥರ ಕಾಲು ಪೆಡಲ್ ಮೇಲೆ ಸಡಿಲಾಯಿತು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ.

"ಮರೆ ಇರತೈತಲ್ಲ?"

"ಗೊತ್ತಿಲ್ಲ ಅಂಕಲ್."

"ವಾಪಸ್ ಹೋಗೂಣೇನು?"

"ಓಟು ಹಾಕಿದವರ ಗುರುತಿನ ಪುಸ್ತಕಕ್ಕೆ ಮುದ್ರೆ ಒತ್ತುತ್ತಾರೆ. ಹೋಗದೇ ಇದ್ದರೆ ಅದೂ ಗೊತ್ತಾಗುತ್ತೆ."

ಕಟ್ಟಿಕೊಂಡು ಬಂದ ಚಪಾತಿ ಹಾಗೇ ಉಳಿಯಿತು.

ಶಿಕಾಗೋದಲ್ಲಿ ಅದೊಂದು ಬಾಡಿಗೆ ಹಾಲ್. ಮರೆ ಇರಲಿಲ್ಲ. ನಡುವೆ ಟೇಬಲ್ಲು, ಅದರ ಮೇಲೆ ಪೆಟ್ಟಿಗೆ. ಸುತ್ತ ಹುಡುಗರು. ಬೆಹ್ರೂಜ್ ಪೆಟ್ಟಿಗೆಗೆ ಮೊಳ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಒಬ್ಬೊಬ್ಬರು ಹಸಿರನ್ನು ಮೇಲೆತ್ತಿ ತೋರಿಸಿ ಹಾಕುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಮಹೀನ್ ಸಾಲಿನಲ್ಲಿ ನಿಂತಳು.

ಅವಳ ಸರದಿ ಬಂತು. ಕಲ್ಲಿನಾಥರು ಸೀದಾ ನಡೆದು ಹೋಗಿ ಕೋಟು ಬಿಚ್ಚಿದರು. ಹೆಗಲ ಕಡೆ ಹಿಡಿದು ಪೆಟ್ಟಿಗೆಗೆ ಅಡ್ಡ ಎತ್ತಿದರು. ಕೋಟಿನ ಹಿಂದೆ ಪೆಟ್ಟಿಗೆಯೂ ಕಾಣಲಿಲ್ಲ, ಅವರ ತಲೆಯೂ ಕಾಣಲಿಲ್ಲ.

ಚಪ್ಪಾಳೆ ನಿಂತುಹೋಯಿತು.

"ಯಾರು ಈ ಮನುಷ್ಯ?" ಅಂದ ಬೆಹ್ರೂಜ್. ಮಹೀನ್ ಕಡೆ ತಿರುಗಿ ನಕ್ಕ. "ಹಸಿರು ಹಾಕೋರಿಗೆ ಮರೆ ಯಾಕೆ ಬೇಕು?"

ಕಲ್ಲಿನಾಥರಿಗೆ ಆಗ ತಿಳಿಯಿತು. ಹಳ್ಳಿಯಲ್ಲಿ ಕೌದಿ ಕಟ್ಟಿದ್ದು ಊರಿಗೆಲ್ಲ. ಇಲ್ಲಿ ಕೋಟು ಎತ್ತಿದ್ದು ಒಬ್ಬಳಿಗೆ. ಒಬ್ಬಳಿಗೇ ಮರೆ ಅಂದರೆ ಅವಳದು ಕೆಂಪು ಅಂತ ಡಂಗುರ ಸಾರಿದ ಹಾಗೆ. ಮುಚ್ಚಲು ಬಂದವರು ತಾವೇ ಬಿಚ್ಚಿಟ್ಟಿದ್ದರು.

ಕೋಟು ಇಳಿಸಿದರೂ ಕೆಟ್ಟಿತು, ಇಳಿಸದಿದ್ದರೂ ಕೆಟ್ಟಿತು.

"ಈಕಿಗಲ್ಲ," ಅಂದರು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. "ಎಲ್ಲರಿಗೂ. ಬೇಕಾದವರು ಬರಬಹುದು." ಮಹೀನಳಿಗೆ, "ನೀ ಸಾಲಿನ ಕೊನೆಗೆ ಹೋಗು" ಅಂದರು. ಶಾಂತವ್ವ ಅವಳ ತೋಳು ಹಿಡಿದು ಎಳೆದುಕೊಂಡು ಹೋಗಿ ಹಿಂದೆ ನಿಲ್ಲಿಸಿದಳು.

ಯಾರೂ ಬರಲಿಲ್ಲ. ಮುಂದಿನವನು ಕೋಟಿನ ಆಚೆಯಿಂದ ಕೈ ಹಾಕಿ, ಹಸಿರು ತೋರಿಸಿಯೇ ಹಾಕಿದ. ಅವನ ಹಿಂದಿನವನೂ ಹಾಗೇ. "ಅಂಗಡಿ ತೆಗೆದಿದೀರಾ ಅಂಕಲ್? ಕೋಟು ಮಾರಾಟಕ್ಕಿದೆಯಾ?" ಅಂದ ಇನ್ನೊಬ್ಬ. ಹುಡುಗರು ನಕ್ಕರು. ಉಣ್ಣೆ ಕೋಟು ಭಾರ. ಕಲ್ಲಿನಾಥರು ಹಿಡಿತ ಬದಲಿಸಿ ಮತ್ತೆ ಎತ್ತಿದರು. ಸಾಲು ಕರಗುತ್ತಿತ್ತು, ಮಹೀನ್ ಹತ್ತಿರ ಬರುತ್ತಿದ್ದಳು. ಶಾಂತವ್ವನಿಗೆ ಹೋಗಿ ಗಂಡನ ಮೊಣಕೈ ಎತ್ತಿ ಹಿಡಿಯಬೇಕು ಅನ್ನಿಸಿತು. ಹುಡುಗಿಯ ಕೈ ಬಿಡುವ ಹಾಗಿರಲಿಲ್ಲ.

ಆಗ ಒಬ್ಬ ಮುದುಕಿ ಬಂದಳು. ತಲೆಗೆ ವಸ್ತ್ರ ಕಟ್ಟಿದ್ದಳು, ಕೈಯಲ್ಲಿ ಕೋಲಿತ್ತು. ಬೆಹ್ರೂಜ್ "ಅಜ್ಜಿ, ಈ ಕಡೆ" ಅಂದ. ಅವಳು ನಿಂತು ಅವನಿಗೇನೋ ಜೋರಾಗಿ ಅಂದಳು. ಇಡೀ ಹಾಲ್ ಗೊಳ್ಳೆಂದಿತು. ಏನಂದಳು ಅಂತ ಮಹೀನ್ ಆಮೇಲೆ ಹೇಳಿದಳು: "ನನ್ನದು ಹಸಿರೇ ಮಗಾ. ಆದರೆ ಸ್ನಾನಾನೂ ನಾನು ಬಾಗಿಲು ಹಾಕಿಕೊಂಡೇ ಮಾಡೋದು."

ಮುದುಕಿ ಕೋಟಿನ ಹಿಂದೆ ಹೋದಳು. ಹೊರಗೆ ಬಂದು, ಉಳಿದ ತುಂಡನ್ನು ಚೀಲಕ್ಕೆ ಹಾಕಿ ಚಿಲಕ ಹಾಕಿಕೊಂಡಳು. ಅವಳ ಹಿಂದೆ ಅವಳ ಸೊಸೆ ಹೋದಳು. ಆಮೇಲೆ ದಪ್ಪ ಕನ್ನಡಕದ ಒಬ್ಬ ಪ್ರೊಫೆಸರು. ಆಮೇಲೆ ನಕ್ಕಿದ್ದ ಹುಡುಗರಲ್ಲೇ ಇಬ್ಬರು, ನೆಲ ನೋಡುತ್ತ. ಅವರ ನಡುವೆ ಮಹೀನ್ ಹೋದಳು, ಬಂದಳು. ಅವಳ ಕೈ ಖಾಲಿ. ಬಾಯಿ ಅಗಿಯುತ್ತಿತ್ತು. ಬೆಹ್ರೂಜನ ಎದುರಿಗೇ ಉಳಿದ ತುಂಡನ್ನು ನುಂಗಿ, ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡಳು.

ಸಾಲು ಮುಗಿಯುವವರೆಗೂ ಕಲ್ಲಿನಾಥರು ಕೈ ಇಳಿಸಲಿಲ್ಲ. ವಾಪಸು ಬರುವಾಗ ಸ್ಟೇರಿಂಗ್ ಹಿಡಿಯಲು ಆಗಲಿಲ್ಲ. ಮಹೀನ್ ಡ್ರೈವ್ ಮಾಡಿದಳು. ಯಾವುದು ಹಾಕಿದೆ ಅಂತ ಗಂಡಹೆಂಡತಿ ಕೇಳಲಿಲ್ಲ.

ಮರುದಿನ ಬೆಹ್ರೂಜ್ ಫೋನ್ ಮಾಡಿದ. "ಪೆಟ್ಟಿಗೆಯಲ್ಲಿ ಕೆಂಪೂ ಬಿದ್ದಿದೆ. ಒಂದಲ್ಲ. ಯಾರದು ಅಂತ ಗೊತ್ತಾಗಬೇಕು." ಕಲ್ಲಿನಾಥರು ಮಹೀನಳ ಕೈಯಿಂದ ರಿಸೀವರ್ ಇಸಕೊಂಡರು. "ಅಷ್ಟು ಮಂದಿ ಮರೆಗೆ ಹೋಗಿದ್ದರು. ನನ್ನ ಕೋಟನ್ನೇ ಕೇಳಪ್ಪ" ಅಂದು ಇಟ್ಟರು. ಆ ಹುಡುಗ ಮತ್ತೆ ಫೋನ್ ಮಾಡಲಿಲ್ಲ. ಮಹೀನಳ ಅಪ್ಪ ಜೂನ್‌ನಲ್ಲಿ ಬಿಡುಗಡೆಯಾಗಿ ಮನೆ ಸೇರಿದರು.

ಆ ವರ್ಷ ಡಿಸೆಂಬರಿನಲ್ಲಿ ಕಲ್ಲಿನಾಥರು ಹೋದರು. ಕಾರ್ಖಾನೆಯಲ್ಲೇ, ಎದೆನೋವು ಬಂದು. ಅವತ್ತು ಬಿಸಿಲಿತ್ತು. ಕೋಟು ತೊಟ್ಟಿರಲಿಲ್ಲ.

ಮಹೀನ್ ಬಂದು ಶಾಂತವ್ವನ ಪಕ್ಕ ಕೂತಳು. ಬಹಳ ಹೊತ್ತು ಅತ್ತಳು. ಆಮೇಲೆ, "ಆಂಟಿ, ನಾನು ಅವತ್ತು ಯಾವುದು ಹಾಕಿದೆ ಅಂತ ಹೇಳಲಾ?" ಅಂದಳು.

"ಬ್ಯಾಡ," ಅಂದಳು ಶಾಂತವ್ವ. "ಅಷ್ಟೊತ್ತು ಕೈ ಎತ್ತಿ ನಿಂತಾರ. ಇರಲಿ, ಹಂಗ ಇರಲಿ."

ಕೋಟು ಬಾಗಿಲ ಹಿಂದಿನ ಗೂಟಕ್ಕೇ ಇದೆ. ಒಳಗೆ ಯಾರೂ ಇಲ್ಲ.